ಬೋರ್ಡಿಲ್ಲದ ಗ್ಯಾರೇಜು, ಅಪ್ಪನ ಬುಲೆಟ್ಟು, ಒಂದು ಹಳೇ ಕಾಯಿಲ್

ದಾವಣಗೆರೆಯಲ್ಲಿ ಹಳೇ ಬುಲೆಟ್ ಇಟ್ಟುಕೊಂಡವರು ಇದನ್ನು ಓದಿ. ಹೊಸ ಬುಲೆಟ್‌ನವರಿಗೆ ಇದರಿಂದ ಏನೂ ಉಪಯೋಗ ಇಲ್ಲ. ನಿಮ್ಮ ಗಾಡಿಯಲ್ಲಿ ಪಾಯಿಂಟೇ (ಪ್ಲಗ್ಗಿಗೆ ಕಿಡಿ ಕೊಡಿಸುವ ಪುಟ್ಟ ಸ್ವಿಚ್ಚು) ಇಲ್ಲ, ಆರಾಮಾಗಿ ಬೆಣ್ಣೆ ದೋಸೆ ತಿನ್ನಲು ಹೋಗಿ.

ನಾನು ಬರೆಯುತ್ತಿರುವುದು ಹದಡಿ ರೋಡಿನಿಂದ ಒಳಗೆ ಒಂದು ಸಂದಿಯಲ್ಲಿರುವ ಗ್ಯಾರೇಜಿನ ಬಗ್ಗೆ. ಬೋರ್ಡಿಲ್ಲ. ತಗಡಿನ ಶೀಟು, ಮುಂದೆ ಒಂದು ಬೇವಿನ ಮರ, ಮರದ ಕೆಳಗೆ ಯಾವಾಗಲೂ ಬಿಚ್ಚಿದ ಎರಡು ಬುಲೆಟ್ಟು, ಒಂದು ಯೆಜ್ಡಿ. ನಡೆಸುವವರನ್ನು ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ. ಸುಮಾರು ಎಪ್ಪತ್ತರ ಹತ್ತಿರದ ವಯಸ್ಸು, ಕನ್ನಡಕದ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿದೆ. ಜೊತೆಗೆ ಒಬ್ಬ ಹುಡುಗ, ಮಾತು ಕಮ್ಮಿ, ಕೆಲಸ ಚುರುಕು.

ಗಾಡಿ ನಮ್ಮ ಅಪ್ಪನದು. 1994ರ ಬುಲೆಟ್ 350, ಹನ್ನೆರಡು ವೋಲ್ಟಿನದು, ಬಲಗಾಲಲ್ಲಿ ಗೇರು ಎಡಗಾಲಲ್ಲಿ ಬ್ರೇಕು. ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಓಡಾಡಲು ಅಪ್ಪ ತೆಗೆದುಕೊಂಡಿದ್ದು. ಗೊಬ್ಬರದ ಚೀಲ, ಸ್ಪ್ರೇ ಪಂಪು, ಒಮ್ಮೆ ಒಂದು ಹೋತ, ಎಲ್ಲ ಹೊತ್ತಿದೆ. ಅಪ್ಪನಿಗೆ ಈಗ ಮಂಡಿ ನೋವು, ಕಿಕ್ ಹೊಡೆಯಲು ಆಗುವುದಿಲ್ಲ, ಹಾಗಾಗಿ ಗಾಡಿ ದಾವಣಗೆರೆಗೆ ನನ್ನ ಹತ್ತಿರ ಬಂತು. ಜೊತೆಗೆ ಒಂದು ಗೋಣಿಚೀಲದ ತುಂಬ ಹಳೇ ಸಾಮಾನೂ ಬಂತು. ಆ ಚೀಲವನ್ನು ಎಸೆಯಬೇಕು ಅಂತ ನನ್ನ ಹೆಂಡತಿ ಒಂದು ವರ್ಷದಿಂದ ಹೇಳುತ್ತಿದ್ದಳು. ಎಸೆದಿರಲಿಲ್ಲ, ಬಚಾವಾದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಸಮಸ್ಯೆ ಶುರುವಾಗಿದ್ದು ಹೀಗೆ. ಬೆಳಿಗ್ಗೆ ತಣ್ಣಗಿದ್ದಾಗ ಎರಡೇ ಕಿಕ್ಕಿಗೆ ಸ್ಟಾರ್ಟ್. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಬೆವರು ಕಿತ್ತು ಬರಬೇಕು. ಓಡುವಾಗ ಮಿಸ್ಸಿಂಗ್, ಎಂಜಿನ್ ನಡುನಡುವೆ ತಡವರಿಸುತ್ತದೆ. ಒಂದು ದೊಡ್ಡ ಗ್ಯಾರೇಜಿಗೆ ಹೋದೆ, ಹೆಸರು ಬೇಡ. ಅಲ್ಲಿ ಹುಡುಗರು ನೋಡಿದರು, "ಸಾರ್, ಕರೆಂಟ್ ವೀಕ್ ಐತೆ, ಕಾಯಿಲ್, ಪಾಯಿಂಟ್, ಕಂಡೆನ್ಸರ್, ಪ್ಲಗ್ ಎಲ್ಲ ಹೊಸದು ಹಾಕಿಬಿಡಾನ, ಟೆನ್ಷನ್ನೇ ಇರಲ್ಲ" ಅಂದರು. ಎಲ್ಲವೂ ಎಂಜಿನ್ನಿಗೆ ಕಿಡಿ ಕೊಡುವ ಸಾಮಾನುಗಳೇ, ನನಗೂ ಸರಿ ಅನ್ನಿಸಿತು. ಮೂರು ಸಾವಿರದ ನಾನೂರು ರೂಪಾಯಿ. ಬಿಲ್ಲು ಕೊಟ್ಟರು, ಗಾಡಿ ತೊಳೆದೂ ಕೊಟ್ಟರು. ಹಳೇ ಸಾಮಾನನ್ನು ಒಂದು ಕವರಿಗೆ ಹಾಕಿ ಕೊಟ್ಟಿದ್ದರು, ಅದನ್ನೂ ಗೋಣಿಚೀಲಕ್ಕೆ ಸೇರಿಸಿದೆ.

ಮೂರು ವಾರ ಗಾಡಿ ಚಿನ್ನದಂತೆ ಓಡಿತು.

ಆಮೇಲೆ ಏಪ್ರಿಲ್ ತಿಂಗಳಲ್ಲಿ ಚಿತ್ರದುರ್ಗದಲ್ಲಿ ಒಂದು ಮದುವೆ. ಊಟ ಮುಗಿಸಿ ಮಧ್ಯಾಹ್ನ ಎರಡೂವರೆಗೆ ಹೊರಟೆ. ದಾವಣಗೆರೆಗೆ ಅರವತ್ತು ಕಿಲೋಮೀಟರ್ ಆಸುಪಾಸು, ಹೈವೇ ಚೆನ್ನಾಗಿದೆ, ಒಂದು ಒಂದೂವರೆ ತಾಸಿನ ದಾರಿ ಅಂದುಕೊಂಡೆ. ಭರಮಸಾಗರ ದಾಟಿ ಸ್ವಲ್ಪ ದೂರ ಬಂದಿದ್ದೇನೆ, ಗಾಡಿ ಎರಡು ಸಲ ಕೆಮ್ಮಿತು, ಸೈಲೆನ್ಸರಿನಲ್ಲಿ ಢಂ ಅಂತ ಒಂದು ಬ್ಯಾಕ್ ಫೈರ್, ಅಷ್ಟೇ, ನಿಂತಿತು. ಪೆಟ್ರೋಲ್ ಇದೆ. ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ಕಿಡಿಯೇ ಇಲ್ಲ. ಬಿಸಿಲು ನೆತ್ತಿ ಸುಡುತ್ತಿದೆ, ಲಾರಿಗಳು ಪಕ್ಕದಲ್ಲೇ ಗಾಳಿ ಹೊಡೆದುಕೊಂಡು ಹೋಗುತ್ತಿವೆ. ಅಪ್ಪನಿಗೆ ಫೋನ್ ಮಾಡಿದೆ.

"ಕಾಯಿಲ್ ಮುಟ್ಟಿ ನೋಡು" ಅಂದರು. ಮುಟ್ಟಿದೆ. ಕಾದ ಹಂಚು. "ಟವೆಲ್ ಒದ್ದೆ ಮಾಡಿ ಅದರ ಮೇಲೆ ಹಾಕು, ಅರ್ಧ ಗಂಟೆ ನೆರಳಲ್ಲಿ ಕೂತ್ಕೋ" ಅಂದರು. ಒಂದು ಹುಣಸೆ ಮರ ಸಿಕ್ಕಿತು. ಕುಡಿಯಲು ಇಟ್ಟುಕೊಂಡಿದ್ದ ನೀರನ್ನೆಲ್ಲ ಕಾಯಿಲ್‌ಗೆ ಕುಡಿಸಿದೆ. ಅರ್ಧ ಗಂಟೆ ಆದ ಮೇಲೆ ಮೂರನೇ ಕಿಕ್ಕಿಗೆ ಸ್ಟಾರ್ಟ್! ಆನಗೋಡಿನ ಹತ್ತಿರ ಮತ್ತೆ ನಿಂತಿತು. ಮತ್ತೆ ಟವೆಲ್ಲು, ಮತ್ತೆ ನೀರು. ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಮದುವೆಗೆ ಅಂತ ಹಾಕಿದ್ದ ಬಿಳಿ ಅಂಗಿಯ ಬಗ್ಗೆ ಇಲ್ಲಿ ಬರೆಯುವುದು ಬೇಡ.

ಮಾರನೇ ದಿನ ಚಾಚಾನ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ನಮ್ಮ ಬೀದಿಯ ಹಾಲಿನವನು ಹೇಳಿದ ಜಾಗ.

ನಾನು ಕತೆಯೆಲ್ಲ ಹೇಳಲು ಶುರುಮಾಡಿದೆ. ಚಾಚಾ ಕೈ ಅಡ್ಡ ಹಿಡಿದರು. "ಚಾವಿ ತಿರುವ್ರಿ" ಅಂದರು. ತಿರುಗಿಸಿದೆ. ಹೆಡ್‌ಲೈಟಿನ ಮೇಲಿರುವ ಆಂಪಿಯರ್ ಮೀಟರಿನ ಮುಳ್ಳು ಮೈನಸ್ ಕಡೆ, ಅಂದರೆ ಬ್ಯಾಟರಿಯಿಂದ ಕರೆಂಟು ಹೊರಗೆ ಹೋಗುವ ಕಡೆ, ದಬಕ್ಕನೆ ಬಿದ್ದಿತು, ಎಂಟರ ಹತ್ತಿರ. ಚಾಚಾ ನಕ್ಕರು. "ಬಂದ್ ಮಾಡ್ರಿ ಬಂದ್ ಮಾಡ್ರಿ. ಕಾಯಿಲ್ ಯಾರ್ ಹಾಕಿದ್ದು ತಮ್ಮಾ?"

ಅಷ್ಟೇ. ಒಂದು ಸ್ಕ್ರೂ ಬಿಚ್ಚಿಲ್ಲ, ಒಂದು ಪಾನಾ ಮುಟ್ಟಿಲ್ಲ, ಕಾಯಿಲೆ ಹಿಡಿದುಬಿಟ್ಟರು. ನಾನು ಈ ಗ್ಯಾರೇಜಿಗೆ ಸ್ಟಾರ್ ಕೊಡುವುದಿದ್ದರೆ ಅರ್ಧ ಸ್ಟಾರುಗಳು ಆ ಒಂದು ನಿಮಿಷಕ್ಕೇ ಹೋಗುತ್ತವೆ.

ಆ ಮುಳ್ಳಿನ ಲೆಕ್ಕವನ್ನು ಅವರು ಆಮೇಲೆ ಬಿಡಿಸಿ ಹೇಳಿದರು. ಇದು ಗೊತ್ತಿದ್ದರೆ ನಿಮಗೂ ಯಾರೂ ಟೋಪಿ ಹಾಕಲು ಆಗುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಪಾಯಿಂಟ್ ಅಂದರೆ ಕ್ಯಾಮ್ (ಎಂಜಿನ್ ಜೊತೆ ತಿರುಗುವ, ಒಂದು ಕಡೆ ಉಬ್ಬಿದ ತುಂಡು) ತಿರುಗಿದಂತೆ ಮುಚ್ಚಿ ತೆರೆಯುವ ಒಂದು ಸಣ್ಣ ಸ್ವಿಚ್ಚು. ಮುಚ್ಚಿದ್ದಾಗ ಬ್ಯಾಟರಿಯ ಕರೆಂಟು ಕಾಯಿಲ್‌ನ ಒಳಗಿನ ದಪ್ಪ ತಂತಿಯ ಸುತ್ತಿನಲ್ಲಿ ಹರಿಯುತ್ತದೆ. ಪಾಯಿಂಟ್ ತೆರೆದ ತಕ್ಷಣ ಆ ಕರೆಂಟು ಪಟ್ ಅಂತ ನಿಲ್ಲುತ್ತದೆ, ಆಗ ಪಕ್ಕದ ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತು ಹದಿನೈದು ಸಾವಿರ ವೋಲ್ಟ್ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಬುಲೆಟ್ ಫೋರ್ ಸ್ಟ್ರೋಕ್ ಗಾಡಿ, ಎಂಜಿನ್ ಎರಡು ಸುತ್ತು ಸುತ್ತಿದರೆ ಒಂದು ಕಿಡಿ. ಮೂರು ಸಾವಿರ ಆರ್‌ಪಿಎಂ‌ನಲ್ಲಿ ಓಡಿಸುತ್ತಿದ್ದೀರಿ ಅಂದರೆ ಆ ಪುಟ್ಟ ಪಾಯಿಂಟು ನಿಮಿಷಕ್ಕೆ 1,500 ಸಲ ಬಾಯಿ ತೆರೆದು ಮುಚ್ಚುತ್ತಿದೆ.

ಪಾಯಿಂಟ್ ಗಾಡಿಗೆ ಹಾಕುವ ಹನ್ನೆರಡು ವೋಲ್ಟಿನ ಕಾಯಿಲ್‌ಗೆ ಮೂರರಿಂದ ನಾಲ್ಕು ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಡೆ, ಇರಬೇಕು. ಹನ್ನೆರಡನ್ನು ಮೂರರಿಂದ ಭಾಗಿಸಿ, ನಾಲ್ಕು ಆಂಪಿಯರ್. ಮುಳ್ಳು ಮೈನಸ್ ನಾಲ್ಕರ ಹತ್ತಿರ ನಿಂತರೆ ಸರಿ. ನನ್ನ ಗಾಡಿಗೆ ಕೂರಿಸಿದ್ದು ಎಲೆಕ್ಟ್ರಾನಿಕ್ ಸಿಸ್ಟಂನ ಗಾಡಿಗೆ ಬರುವ ಕಾಯಿಲ್. ಹುಡುಗ ಮಲ್ಟಿಮೀಟರ್ ಹಿಡಿದು ತೋರಿಸಿದ, 1.4 ಓಮ್. ಲೆಕ್ಕ ಹಾಕಿದರೆ ಎಂಟೂವರೆ ಆಂಪಿಯರ್, ಎರಡು ಪಟ್ಟು! ಎಲೆಕ್ಟ್ರಾನಿಕ್ ಸಿಸ್ಟಂ ಇದ್ದರೆ ಅದು ಕರೆಂಟನ್ನು ತಾನೇ ಅಳೆದು ಬಿಡುತ್ತದೆ, ಪಾಯಿಂಟಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಹರಿದಷ್ಟೂ ಹರಿಯಿತು. ಕಾಯಿಲ್ ಕಾದಿತು, ಪಾಯಿಂಟ್ ಸುಟ್ಟಿತು, ಬ್ಯಾಟರಿಯೂ ಇಳಿಯುತ್ತಾ ಬಂತು. ರಾತ್ರಿ ಹೆಡ್‌ಲೈಟ್ ಮಂಕಾಗಿದ್ದನ್ನು ನಾನು ನೋಡಿದ್ದೆ, ಬಲ್ಬ್ ಹಳೆಯದು ಅಂದುಕೊಂಡು ಸುಮ್ಮನಿದ್ದೆ.

ಇನ್ನೊಂದು ಗುರುತು ನನ್ನ ಕಣ್ಣ ಮುಂದೆಯೇ ಇತ್ತು. ಹೊಸ ಕಾಯಿಲ್ ಹಳೇ ಕ್ಲಾಂಪಿಗೆ ಕೂತಿರಲಿಲ್ಲ, ಟ್ಯಾಂಕಿನ ಕೆಳಗೆ ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿದಿದ್ದರು. "ಸಾಮಾನು ತನ್ನ ಜಾಗದಾಗ ಕೂರಲಿಲ್ಲ ಅಂದ್ರ ಅದು ಆ ಮನಿದಲ್ಲ" ಅಂದರು ಚಾಚಾ.

ಆಮೇಲೆ ಪಾಯಿಂಟ್ ಕೂರುವ ಡಬ್ಬಿಯ, ಅಂದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರು. ಮೂರು ವಾರದ ಹಿಂದೆ ಹಾಕಿದ ಪಾಯಿಂಟ್ ನೀಲಿ ಕಪ್ಪು ಬಣ್ಣಕ್ಕೆ ತಿರುಗಿತ್ತು, ಒಂದು ಕಡೆ ಗುಂಡಿ, ಇನ್ನೊಂದು ಕಡೆ ಅದೇ ಅಳತೆಯ ಉಬ್ಬು. ಸಾಮಾನ್ಯವಾಗಿ ಇಂಥ ಗುಂಡಿ ನೋಡಿದರೆ ಕಂಡೆನ್ಸರ್ ಹೋಗಿದೆ ಅಂತ ಲೆಕ್ಕ. ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರದಂತೆ ತಡೆಯುವುದು ಕಂಡೆನ್ಸರಿನ ಕೆಲಸ, ಅದು ಸತ್ತರೆ ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿ ಪಾಯಿಂಟಿನಲ್ಲೇ ಹಾರಿ ಮುಗಿದುಹೋಗುತ್ತದೆ. ಚಾಚಾ ಗಾಡಿಯನ್ನು ಶೀಟಿನ ಒಳಗೆ ಕತ್ತಲಿಗೆ ತಳ್ಳಿಸಿ, ಹುಡುಗನಿಗೆ ಕಿಕ್ ಒತ್ತಲು ಹೇಳಿ, ಬಗ್ಗಿ ನೋಡಿದರು. ಸೂಜಿ ಮೊನೆಯಷ್ಟು ಕಿಡಿ ಇದ್ದರೆ ಪರವಾಗಿಲ್ಲವಂತೆ, ಉರಿದಂತೆ ಕಂಡರೆ ಕಂಡೆನ್ಸರ್ ಬದಲಿಸಬೇಕು. "ಕಂಡೆನ್ಸರ್ ಚಲೋ ಐತಿ, ಬಿಡ್ರಿ" ಅಂದರು. ಬೇರೆ ಯಾರಾದರೂ ಆಗಿದ್ದರೆ ನೂರೈವತ್ತು ರೂಪಾಯಿಯ ಸಾಮಾನು, ಇರಲಿ ಅಂತ ಹಾಕಿಬಿಡುತ್ತಿದ್ದರು, ಅಲ್ವಾ?

"ಹಳೇ ಕಾಯಿಲ್ ಎಲ್ಲೈತಿ?"

ಗೋಣಿಚೀಲ! ಮನೆಗೆ ಹೋಗಿ ತಂದೆ. ಮಲ್ಟಿಮೀಟರಿನಲ್ಲಿ 3.3 ಓಮ್. ಬ್ಯಾಟರಿಗೆ ವೈರ್ ಕೊಟ್ಟು, ಬಿಸಿಲಿಗೆ ಕಾದ ತಗಡಿನ ಮೇಲೆ ಕಾಯಿಲ್ ಮಲಗಿಸಿ, ಒಂದು ಹಳೇ ಪಾಯಿಂಟಿನಿಂದ ಟಕ್ ಟಕ್ ಅಂತ ಕಿಡಿ ಹಾರಿಸುತ್ತಾ ಕೂತರು. ಸುಮಾರು ಇಪ್ಪತ್ತು ನಿಮಿಷ. ನಡುವೆ ಚಹಾ. ಕಿಡಿ ಒಂದೇ ಸಮ, ದಪ್ಪ, ನೀಲಿ. ಕಾಯಿಲ್ ಚೆನ್ನಾಗಿಯೇ ಇದೆ. ಹಾಗಾದರೆ ಮೊದಲು ಕೆಟ್ಟಿದ್ದು ಏನು? ಅದೇ ಕವರಿನಲ್ಲಿದ್ದ ಹಳೇ ಕಂಡೆನ್ಸರನ್ನು ಚಾಚಾ ಎತ್ತಿ ತೋರಿಸಿದರು, ಹೊಟ್ಟೆ ಉಬ್ಬಿತ್ತು. ಇಷ್ಟೇ ಕತೆ. ದೊಡ್ಡ ಗ್ಯಾರೇಜಿನವರು ನಾಲ್ಕು ಸಾಮಾನು ಒಟ್ಟಿಗೆ ಬದಲಿಸಿದರು, ಅದರಲ್ಲಿ ಕಂಡೆನ್ಸರ್ ಒಂದರಿಂದ ಹಳೇ ಕಾಯಿಲೆ ವಾಸಿಯಾಯಿತು, ಕಾಯಿಲ್‌ನಿಂದ ಹೊಸ ಕಾಯಿಲೆ ಬಂತು. ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಗೊತ್ತಿಲ್ಲದೆ ಮಾಡಿದ್ದು. ದುಡ್ಡು ಮಾತ್ರ ಗೊತ್ತಿದ್ದೇ ತೆಗೆದುಕೊಂಡರು.

ಇನ್ನು ಪಾಯಿಂಟ್ ಕೂರಿಸಿದ್ದು. ಇದನ್ನು ನಾನು ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ಹೊಸ ಪಾಯಿಂಟ್ ಪ್ಯಾಕಿನಿಂದ ತೆಗೆದ ಕೂಡಲೇ ಹಾಕಲಿಲ್ಲ. ತುಕ್ಕು ಹಿಡಿಯದಿರಲಿ ಅಂತ ಅದರ ಮೇಲೆ ಎಣ್ಣೆಯ ತೆಳು ಪದರ ಇರುತ್ತದಂತೆ, ಅದನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರು. ಹೊಸ ಪಾಯಿಂಟ್ ಹಾಕಿದ ಮೇಲೆ ಗಾಡಿ ಸ್ಟಾರ್ಟೇ ಆಗುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರಲ್ಲಿ ಎಷ್ಟೋ ಜನ ಒರೆಸದೇ ಹಾಕಿದವರು. ಕ್ಯಾಮ್‌ಗೆ ಅಕ್ಕಿ ಕಾಳಿನಷ್ಟು ಗ್ರೀಸು. ಜಾಸ್ತಿ ಹಚ್ಚಿದರೆ ಅದು ಎರಚಿ ಪಾಯಿಂಟಿನ ಮೇಲೇ ಕೂರುತ್ತದೆ, ಹಚ್ಚದಿದ್ದರೆ ಕ್ಯಾಮ್‌ಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆದು ಗ್ಯಾಪ್ ಮುಚ್ಚಿಕೊಳ್ಳುತ್ತಾ ಹೋಗುತ್ತದೆ.

ಗ್ಯಾಪ್, ಅಂದರೆ ಪಾಯಿಂಟ್ ಪೂರ್ತಿ ತೆರೆದಾಗ ನಡುವೆ ಇರುವ ಸಂದಿ, 0.35ರಿಂದ 0.40 ಮಿಲಿಮೀಟರ್. ಚಾಚಾ 0.40ಕ್ಕೆ ಇಟ್ಟರು, ಹೊಸ ಹಿಮ್ಮಡಿ ಮೊದಲ ಕೆಲವು ದಿನ ಸ್ವಲ್ಪ ಸವೆಯುತ್ತದೆ ಅನ್ನುವ ಲೆಕ್ಕದಲ್ಲಿ. ಸಂದಿ ಅಳೆಯುವ ತೆಳು ಪಟ್ಟಿ, ಫಿಲ್ಲರ್ ಗೇಜ್, ಇಟ್ಟೇ ಇಟ್ಟರು. ಕಣ್ಣಳತೆಯಲ್ಲೇ ಮಾಡಿಬಿಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಕೇಳಿದ್ದಕ್ಕೆ, "ಕಣ್ಣಿಗೆ ವಯಸ್ಸಾತು, ಗೇಜಿಗೆ ಆಗಿಲ್ಲ" ಅಂದರು.

ಗ್ಯಾಪ್ ಆದ ಮೇಲೇ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತನ್ನು ಹೊಂದಿಸುವುದು. ಉಲ್ಟಾ ಮಾಡಿದರೆ ಕೆಲಸ ಕೆಟ್ಟಿತು, ಯಾಕೆಂದರೆ ಗ್ಯಾಪ್ ಬದಲಾದರೆ ಪಾಯಿಂಟ್ ತೆರೆಯುವ ಹೊತ್ತೂ ಬದಲಾಗುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ, ಪ್ಲಗ್ ಬಿಚ್ಚಿ, ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರು. ಟ್ಯಾಪೆಟ್ ಮುಚ್ಚಳ ತೆಗೆದು ವಾಲ್ವ್ ತೆರೆಸುವ ಎರಡೂ ಪುಶ್ ರಾಡ್ ಬೆರಳಿಗೆ ಸಲೀಸಾಗಿ ತಿರುಗುತ್ತಿವೆಯಾ ಅಂತ ನೋಡಿದರು, ಅಂದರೆ ಕಂಪ್ರೆಷನ್ನಿನ ಮೇಲ್ತುದಿಯಲ್ಲೇ ಇದ್ದೇವೆ ಅಂತ ಅರ್ಥ. ಪಿಸ್ಟನ್ ತುದಿ ಮುಟ್ಟಲು ಇನ್ನು 0.8 ಮಿಲಿಮೀಟರ್ ಇರುವಾಗ ಪಾಯಿಂಟ್ ಬಾಯಿ ಬಿಡಬೇಕು. ಬಾಯಿ ಬಿಟ್ಟಿದ್ದು ಗೊತ್ತಾಗುವುದು ಹೇಗೆ? ಸಿಗರೇಟ್ ಪ್ಯಾಕಿನ ತೆಳು ಕಾಗದದ ಒಂದು ಚೂರನ್ನು ಪಾಯಿಂಟಿನ ನಡುವೆ ಸಿಕ್ಕಿಸಿ ಹಗುರವಾಗಿ ಎಳೆದು ಹಿಡಿದರು, ಜಾರಿತು ಅಂದರೆ ತೆರೆಯಿತು. ಆಮೇಲೆ ನನಗೆ ಚಾವಿ ತಿರುಗಿಸಲು ಹೇಳಿ ಆಂಪಿಯರ್ ಮೀಟರಿನಲ್ಲೂ ನೋಡಿದರು. ಮೈನಸ್‌ನಲ್ಲಿದ್ದ ಮುಳ್ಳು ಸೊನ್ನೆಗೆ ಹಾರಿದ ಕ್ಷಣ, ಕಾಗದ ಜಾರಿದ ಕ್ಷಣ, ಎರಡೂ ಒಂದೇ. ಕಂಪನಿಯವರು ಬ್ಯಾಟರಿ ಚಾರ್ಜ್ ನೋಡಲು ಅಂತ ಕೊಟ್ಟ ಮೀಟರು, ಮೇಸ್ತ್ರಿಗಳು ಅದನ್ನೇ ಟೈಮಿಂಗ್ ಲೈಟ್ ಮಾಡಿಕೊಂಡಿದ್ದಾರೆ!

ಟೈಮಿಂಗ್ ಬೇಗ ಆದರೆ ಕಿಕ್ಕರ್ ವಾಪಸ್ ಒದೆಯುತ್ತದೆ. ನಮ್ಮ ಅಪ್ಪನ ಮೊಣಕಾಲಿನ ಕೆಳಗೆ ಇದಕ್ಕೊಂದು ಸಾಕ್ಷಿ ಇದೆ, ನಾಲ್ಕು ಹೊಲಿಗೆ. ತಡ ಆದರೆ ಗಾಡಿಗೆ ಎಳೆತ ಇರುವುದಿಲ್ಲ, ಎಂಜಿನ್ ಕಾಯುತ್ತದೆ.

ಕಾಯಿಲ್‌ನಿಂದ ಪ್ಲಗ್ಗಿಗೆ ಬರುವ ದಪ್ಪ ವೈರ್ ಬಿರುಕು ಬಿಟ್ಟಿತ್ತು, ಅದನ್ನು ಬದಲಿಸಿದರು. ಪಾಯಿಂಟ್ 300, ವೈರು ಕ್ಯಾಪು 120, ಕೂಲಿ 400. ಒಟ್ಟು 820 ರೂಪಾಯಿ. ಹೊಸ ಕಾಯಿಲ್ ಬೇಕಾ ಅಂತ ನಾನೇ ಕೇಳಿದೆ. "ಯಾಕ? ಇದು ಸತ್ತ ಮ್ಯಾಲ ಬರ್ರಿ" ಅಂದರು. ಆದರೂ ನಾನು ಪಾಯಿಂಟ್ ಗಾಡಿಯದೇ ಸರಿಯಾದ ಕಾಯಿಲ್ ಒಂದನ್ನು ತೆಗೆದು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ಅಂಗಡಿಗೆ ಮಲ್ಟಿಮೀಟರ್ ಹಿಡಿದುಕೊಂಡೇ ಹೋಗಿದ್ದೆ. ಅಂಗಡಿಯವನು ನನ್ನನ್ನು ಆದಾಯ ತೆರಿಗೆಯವರ ಥರ ನೋಡಿದ. ಇರಲಿ.

ಹೊಗಳಿದ್ದು ಸಾಕು. ತಕರಾರೂ ಇದೆ.

ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿಯಿತು. ನಾಳೆ ಅಂದರೆ ನಾಳೆಯಲ್ಲ, ನಾಡಿದ್ದೂ ಅಲ್ಲ. ಫೋನ್ ಎತ್ತುವುದೇ ಇಲ್ಲ, ಹೋಗಿಯೇ ಕೇಳಬೇಕು. ಬಿಲ್ಲು ಕೇಳಿದರೆ ಬೆಂಕಿಪೊಟ್ಟಣದ ಹಿಂದೆ ಬರೆದುಕೊಟ್ಟರು. ಎಲ್ಲಕ್ಕಿಂತ ಬೇಜಾರಾಗಿದ್ದು ಟ್ಯಾಂಕಿನ ವಿಷಯ. ಹುಡುಗ ಟ್ಯಾಂಕ್ ಇಳಿಸಿ ಇಡುವಾಗ ಎಲ್ಲೋ ತಾಗಿಸಿದ್ದಾನೆ, ಬಂಗಾರ ಬಣ್ಣದ ಗೆರೆಯ ಮೇಲೆ ಒಂದು ಗೀರು ಬಿದ್ದಿದೆ. ಆ ಗೆರೆ ಸ್ಟಿಕ್ಕರ್ ಅಲ್ಲ, ಮದ್ರಾಸಿನ ಬುಲೆಟ್ ಕಾರ್ಖಾನೆಯಲ್ಲಿ ಕುಂಚ ಹಿಡಿದು ಕೈಯಲ್ಲೇ ಎಳೆದದ್ದು. ಮೂವತ್ತು ವರ್ಷ ಗೊಬ್ಬರದ ಚೀಲ ಹೊತ್ತರೂ ಅದಕ್ಕೆ ಏನೂ ಆಗಿರಲಿಲ್ಲ. ಹೇಳಿದೆ. ಚಾಚಾ ಹುಡುಗನಿಗೆ ಬೈದರು, ಕೂಲಿಯಲ್ಲಿ ನೂರು ರೂಪಾಯಿ ಬಿಡಲು ಬಂದರು, ನಾನು ಬೇಡ ಅಂದೆ. ಆದರೆ ಗೀರು ಗೀರೇ. ನೀವು ಹೋದರೆ ಟ್ಯಾಂಕ್ ಇಳಿಸಿದ ಕೂಡಲೇ ಅದರ ಕೆಳಗೆ ನಿಮ್ಮದೇ ಒಂದು ಹಳೇ ಕಂಬಳಿ ಹಾಸಿ. ಊರಿನಲ್ಲಿ ಕಾಟನ್ ಮಿಲ್ಲುಗಳು ಓಡುತ್ತಿದ್ದ ಕಾಲದಲ್ಲಿ ಗ್ಯಾರೇಜಿಗೆ ಕಾಟನ್ ವೇಸ್ಟಿಗೆ ಬರ ಇರಲಿಲ್ಲ, ಈಗ ಒರೆಸಲು ಒಂದು ಬನಿಯನ್ ಚೂರಿಗೂ ಹುಡುಕಬೇಕು ಅಂತ ಚಾಚಾ ಗೊಣಗಿದರು. ಅದು ನೆಪ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿಬಿಡಿ ಅಂತ ಹೇಳುವವರು ಬಹಳ ಜನ ಇದ್ದಾರೆ. ತಪ್ಪೇನಿಲ್ಲ. ದಿನಾ ಆಫೀಸಿಗೆ ಓಡಿಸುವವರಾದರೆ ಹಾಕಿಸಿ, ಗ್ಯಾಪ್ ನೋಡುವ ಗೋಜಿಲ್ಲ. ನಾನು ವಾರಕ್ಕೆ ಒಂದೆರಡು ಸಲ ಓಡಿಸುವವನು. ಪಾಯಿಂಟ್ ಕೈಕೊಟ್ಟರೆ ರಸ್ತೆ ಬದಿಯಲ್ಲಿ ಉಪ್ಪು ಕಾಗದದ ಚೂರಿನಿಂದ ಉಜ್ಜಿಕೊಂಡಾದರೂ ಮನೆ ಸೇರಬಹುದು, ಆ ಕಿಟ್ ಸತ್ತರೆ ಟೆಂಪೋ ಕರೆಸಬೇಕು. ಈ ವಿಷಯದಲ್ಲಿ ಚಾಚಾ ಮತ್ತು ಅಪ್ಪ ಒಂದೇ ಪಕ್ಷ. ಇಬ್ಬರೂ ಒಮ್ಮೆಯೂ ಭೇಟಿಯಾಗಿಲ್ಲ.

ಕೆಲಸ ಮುಗಿದ ಮೇಲೆ ಚಾಚಾ ಹೇಳಿದ ಒಂದೇ ಪಥ್ಯ: ಎಂಜಿನ್ ಬಂದ್ ಇದ್ದಾಗ ಚಾವಿ ಆನ್ ಬಿಡಬೇಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಎಂಜಿನ್ ನಿಂತಿದ್ದರೆ ಕರೆಂಟು ಹರಿಯುತ್ತಲೇ ಇರುತ್ತದೆ, ಒಳ್ಳೇ ಕಾಯಿಲ್ ಕೂಡ ಸುಡುತ್ತದೆ.

ಪರೀಕ್ಷೆ ಮಾಡದೆ ಬರೆಯಬಾರದು ಅಂತ ಹೋದ ಭಾನುವಾರ ಮತ್ತೆ ಚಿತ್ರದುರ್ಗಕ್ಕೆ ಹೋಗಿಬಂದೆ, ಬೇಕಂತಲೇ ಅದೇ ಮಧ್ಯಾಹ್ನ ಎರಡೂವರೆಯ ಬಿಸಿಲಿನಲ್ಲಿ ವಾಪಸ್ ಹೊರಟೆ. ಬೆನ್ನ ಹಿಂದೆ ಗುಡ್ಡದ ಮೇಲಿನ ಗಾಳಿ ಕರೆಂಟಿನ ಫ್ಯಾನುಗಳು ಸುತ್ತುತ್ತಿದ್ದವು, ಗಾಡಿ ಗುಡುಗುಡು ಅಂತ ಒಂದೇ ತಾಳದಲ್ಲಿ ಓಡಿತು. ಭರಮಸಾಗರ ದಾಟಿದ ಮೇಲೆ ಅದೇ ಹುಣಸೆ ಮರದ ಕೆಳಗೆ ನಿಲ್ಲಿಸಿ, ಚಾವಿ ತೆಗೆದು, ಟ್ಯಾಂಕಿನ ಕೆಳಗೆ ಕೈ ಹಾಕಿ ಕಾಯಿಲ್ ಮುಟ್ಟಿದೆ. ಬೆಚ್ಚಗಿತ್ತು, ಅಷ್ಟೇ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಆ ಕಂಪನಿ ಕಾಯಿಲ್ ಬಿಚ್ಚಿಸಿದ್ದು ಯಾಕೆ ಮೊದಲು?" ಅಂತ ಬೈಸಿಕೊಂಡೆ. ಟವೆಲ್ ಒದ್ದೆ ಮಾಡದೆ ಮನೆಗೆ ಬಂದೆ.

ಐದಕ್ಕೆ ನಾಲ್ಕು ಕೊಡುತ್ತೇನೆ, ಹೋದ ಒಂದು ಟ್ಯಾಂಕಿನ ಗೀರಿಗೆ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಚಾಚಾ ನಮಾಜಿಗೆ ಹೋಗಿರುತ್ತಾರೆ, ಮೂರು ಗಂಟೆವರೆಗೂ ಬರುವುದಿಲ್ಲ. ಸಂಜೆ ಐದರ ಮೇಲೆ ಹೋಗುವುದಾದರೆ ಮೂರು ಜನಕ್ಕೆ ಆಗುವಷ್ಟು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಹೋಗಿ, ಹುಡುಗ ಟ್ಯಾಂಕನ್ನು ಸ್ವಲ್ಪ ಹುಷಾರಾಗಿ ಇಳಿಸಬಹುದು.